ಮಚ್ಚೆಯವರೆಯ ಮೂಲ

ನಮ್ಮ ಪಂಚಾಯಿತಿ ಕಚೇರಿಯ ಕಬ್ಬಿಣದ ಬೀರುವಿನಲ್ಲಿ, ನರೇಗಾ ಕಡತಗಳ ಕೆಳಗೆ, ಒಂದು ದಪ್ಪ ಪುಸ್ತಕವಿದೆ. ಜನತಾ ಜೀವವೈವಿಧ್ಯ ದಾಖಲಾತಿ ಎಂದು ಅದರ ಹೆಸರು. ನಮ್ಮ ಊರುಗಳಲ್ಲಿ ಯಾವ ಗಿಡವಿದೆ, ಯಾವ ಬೀಜವಿದೆ, ಯಾವ ತಳಿಯ ದನವಿದೆ, ಅವುಗಳ ಗುಣ ಬಲ್ಲವರು ಯಾರು ಎಂಬುದೆಲ್ಲ ಅದರಲ್ಲಿದೆ. ಬರೆದವಳು ನಾನು. ಅಕ್ಷರ ದುಂಡಗಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ಅದರಲ್ಲಿ ಒಂದು ಸಾಲು ಸುಳ್ಳು. ಅದು ನಮ್ಮ ಮನೆಯದೇ ಸಾಲು.

ನಾನು ಪಂಚಾಯಿತಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುವವಳು. ಬಂಗಾರಪೇಟೆಯಲ್ಲಿ ಕಾಮಸಮುದ್ರದ ಬಸ್ಸು ಹತ್ತಿದರೆ ದಾರಿಯಲ್ಲಿ ನಮ್ಮೂರು ಸಿಗುತ್ತದೆ. ಅದು ಗಂಡನ ಊರು. ನಾನು ಹುಟ್ಟಿ ಬೆಳೆದದ್ದು ಉರಿಗಾಂನಲ್ಲಿ, ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಮದುವೆಯಾಗಿ ಬಂದ ಮೇಲೆ ಅರ್ಧ ತೆಲುಗು. ಅಪ್ಪ ನೆಲದಡಿಯಲ್ಲಿ ಕೆಲಸ ಮಾಡಿ ಮೇಲೆ ಬಂದರೆ ಗೇಟಿನಲ್ಲಿ ತಡಕಿ ನೋಡಿ ಬಿಡುತ್ತಿದ್ದರು. ಅಪ್ಪ ಅದನ್ನು ಬೇಜಾರಿನಿಂದ ಹೇಳುತ್ತಿರಲಿಲ್ಲ, ಊಟದ ಡಬ್ಬಿ ತೊಳೆದಂತೆ ಅದೂ ದಿನದ ಒಂದು ಕೆಲಸ. ನೆಲದೊಳಗಿನದು ನಮ್ಮದಲ್ಲ ಎಂಬುದು ನನಗೆ ಬುದ್ಧಿ ಬರುವ ಮೊದಲೇ ಗೊತ್ತಿತ್ತು. ಗಣಿ ಮುಚ್ಚಿದ ಮೇಲೆ ನಮಗೆ ಉಳಿದದ್ದು ಊರಾಚೆಯ ಬಿಳಿ ಸೈನೈಡ್ ದಿಬ್ಬ ಮತ್ತು ಗಾಳಿ ಬೀಸಿದಾಗ ಅನ್ನದೊಳಗೆ ಬೀಳುವ ಅದರ ಧೂಳು.

ಹಾಗಾಗಿ ಬಂಗಾರಪೇಟೆಯಲ್ಲಿ ಎರಡು ದಿನ ತರಬೇತಿ ಕೊಟ್ಟು, ಇಂಥದೊಂದು ಕಾನೂನಿದೆ ಎಂದು ಹೇಳಿದಾಗ ನನಗೆ ನಗು ಬಂತು. ಪಾಠ ಹೇಳಿದವರು ಬಿಡಿಸಿ ಬಿಡಿಸಿ ಹೇಳುವ ಮೇಷ್ಟ್ರು. ಒಂದು ಊರಿನವರು ಕಾಪಾಡಿಕೊಂಡು ಬಂದ ಬೀಜವನ್ನೋ ಬೇರನ್ನೋ ಕಂಪನಿಯೊಂದು ವ್ಯಾಪಾರಕ್ಕೆ ಬಳಸಬೇಕಾದರೆ ಮೊದಲು ಅನುಮತಿ ಕೇಳಬೇಕು, ಬಂದ ಲಾಭದಲ್ಲಿ ಆ ಊರಿಗೂ ನ್ಯಾಯವಾದ ಪಾಲು ಕೊಡಬೇಕು. ಅದಕ್ಕಾಗಿಯೇ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ, ಒಂದು ಪುಸ್ತಕ. ಕೊನೆಯಲ್ಲಿ ಅವರು ಇನ್ನೊಂದು ಮಾತು ಹೇಳಿದರು: ಸಂತೆ ಪೇಟೆಯಲ್ಲಿ ಎಲ್ಲರೂ ಕೊಂಡು ಮಾರುವ ಸರಕಾಗಿದ್ದರೆ ಇದು ಅನ್ವಯಿಸುವುದಿಲ್ಲ. ಅದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅದರ ಪಕ್ಕದಲ್ಲಿ, ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ನಮ್ಮ ಮಾತು ಸೇರಿಸಬಾರದು ಎಂದೂ ಬರೆದುಕೊಂಡೆ. ಇದಕ್ಕೆ ಮಾತ್ರ ಕೆಳಗೆ ಗೆರೆ ಎಳೆದೆ.

ಕೇಳಿ ತೆಗೆದುಕೊಳ್ಳುವುದು ಎಂಬುದನ್ನು ನಾನು ಮೊದಲು ಕಂಡದ್ದು ಕಾನೂನಿನಲ್ಲಿ ಅಲ್ಲ, ನಮ್ಮ ಅತ್ತೆಯ ಹತ್ತಿರ.

ಅತ್ತೆ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಂದವರು. ಮದುವೆಯಾಗಿ ಬರುವಾಗ ಅವರ ತಾಯಿ ಸೆರಗಿಗೆ ಒಂದು ಹಿಡಿ ಅವರೆ ಬೀಜ ಕಟ್ಟಿ ಕಳಿಸಿದ್ದರಂತೆ. ಕಂದು ಬೀಜ, ಬಿಳಿ ಗೀಟಿನ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ. ಅದಕ್ಕೇ ನಮ್ಮೂರಲ್ಲಿ ಅದು ಮಚ್ಚೆಯವರೆ. ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಹಾಕಿದರೆ, ಮಳೆ ಕೈಕೊಟ್ಟ ವರ್ಷವೂ ನಾಲ್ಕು ಕಾಯಿ ಕೊಡುತ್ತಿತ್ತು. ಮಿಕ್ಕವರ ಹೊಲದಲ್ಲಿ ಹುಳ ಕಾಯಿ ಕೊರೆದು ಹಾಕಿದರೂ ಇದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಸೊಗಡು ಎಷ್ಟೆಂದರೆ, ಬೇಯಿಸಿದ ದಿನ ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕೈ ಕಡೆ ನೋಡುತ್ತಿದ್ದರು.

ಬೀಜಕ್ಕೆ ಅತ್ತೆ ಬಿಡುತ್ತಿದ್ದದ್ದು ಸಾಲಿನ ನಡುವಿನ ಗಿಡಗಳನ್ನು. ಬದಿಯ ಗಿಡ ಪಕ್ಕದ ಹೊಲದ ಅವರೆಯ ಜೊತೆ ಬೆರೆತು ಕೆಡುತ್ತದೆ ಎನ್ನುತ್ತಿದ್ದರು. ಒಣಗಿಸಿ, ಆರಿಸಿ, ಒಲೆಯ ಬೂದಿ ಮತ್ತು ಬೇವಿನ ಸೊಪ್ಪು ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲೆ ಇಡುತ್ತಿದ್ದರು. ಬೇಕಾದವರು ಮುಂಬಾಗಿಲಿಗೆ ಬಂದು, ಜಗಲಿಯ ಮೇಲೆ ಕೂತು, ನೀರು ಕುಡಿದು ಕೇಳಬೇಕು. ಇಷ್ಟೇ ನಿಯಮ. ಕೇಳಿದವರಿಗೆ ಇಲ್ಲ ಎಂದದ್ದನ್ನು ನಾನು ಕಂಡಿಲ್ಲ. ತೆಗೆದುಕೊಂಡವರು ಸುಗ್ಗಿಯಾದ ಮೇಲೆ ಅದೇ ಅಳತೆಯ ಬೀಜ ತಂದು ಕೊಡಬೇಕು, ತಮ್ಮ ಮಣ್ಣಿನಲ್ಲಿ ಅದು ಹೇಗೆ ಬಂತು ಎಂದು ಹೇಳಿ ಹೋಗಬೇಕು. ಬರಲಿಲ್ಲವೆಂದರೆ ಬೀಜ ಬೇಡ, ಸುದ್ದಿ ಸಾಕು. ಒಂದು ವರ್ಷ ನಮ್ಮ ಹೊಲದಲ್ಲೇ ಏನೂ ನಿಲ್ಲಲಿಲ್ಲ. ಆಗ ಮೇಲಿನ ಬೀದಿಯವರ ಮನೆಯಿಂದ ಒಂದು ಮೊರದ ತುಂಬ ಮಚ್ಚೆಯವರೆ ನಮ್ಮ ಜಗಲಿಗೆ ಬಂತು. ಉರಿಗಾಂನ ಗೇಟು ನೋಡಿ ಬೆಳೆದ ನನಗೆ ಇದೆಲ್ಲ ಮೊದಮೊದಲು ನಾಟಕದ ಹಾಗೆ ಕಾಣುತ್ತಿತ್ತು.

ನಮ್ಮ ಕಡೆ ಇನ್ನೊಂದು ರೂಢಿಯಿದೆ. ಹೊರಗಿನವರು ಬಂದು ನಿಮ್ಮ ಹಸುವನ್ನೋ ಕುಂಬಳಕಾಯನ್ನೋ ಬೀಜವನ್ನೋ ಹೊಗಳಿದರೆ, ಅದು ನಮ್ಮದು ಎನ್ನಬಾರದು. ದೃಷ್ಟಿಯಾಗುತ್ತದೆ. ಸಂತೆಯಲ್ಲಿ ತಂದದ್ದು ಎನ್ನಬೇಕು. ಅಂಗಳದಲ್ಲೇ ಹುಟ್ಟಿದ ಕರುವನ್ನೂ ಸಂತೆಯಿಂದ ತಂದದ್ದು ಎಂದು ಹೇಳಿದ್ದನ್ನು ಕೇಳಿದ್ದೇನೆ. ಕೇಳಿದವರು ಅದನ್ನು ನಂಬುವುದಿಲ್ಲ, ನಂಬಲಿ ಎಂದು ಇವರು ಹೇಳುವುದೂ ಇಲ್ಲ. ದಾರಿಯಲ್ಲಿ ಸಿಕ್ಕವರು ಊಟ ಆಯಿತಾ ಎಂದರೆ ಹಸಿದ ಹೊಟ್ಟೆಯಲ್ಲೂ ಆಯಿತು ಎನ್ನುವುದಿಲ್ಲವೇ, ಹಾಗೆ.

ದಾಖಲಾತಿಗಾಗಿ ನಮ್ಮೂರಿಗೆ ಹೋದ ದಿನ ನನ್ನ ಜೊತೆ ಗಿಡಮೂಲಿಕೆ ಬಲ್ಲ ಒಬ್ಬ ತಜ್ಞರಿದ್ದರು. ದೂರದ ಊರಿನವರು, ಒಳ್ಳೆಯ ಮನುಷ್ಯ, ಬಿಸಿಲಿಗೆ ಕೆಂಪಗಾಗಿದ್ದರು. ನಮ್ಮ ಮನೆ ಸಾಲಿನಲ್ಲಿ ಕೊನೆಯದು. ಅತ್ತೆ ಮೊರದಲ್ಲಿ ಬೀಜ ಆರಿಸುತ್ತ ಕೂತಿದ್ದರು. ನಾನು ಕಚೇರಿಯವಳಾಗಿ ನಮ್ಮದೇ ಮನೆಯ ಹೊಸ್ತಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದೆ, ನನಗೇ ಒಂಥರಾ ಅನ್ನಿಸುತ್ತಿತ್ತು. ತಜ್ಞರು ಮೊರಕ್ಕೆ ಕೈ ಹಾಕಿ, "ಇಷ್ಟು ಚೆನ್ನಾಗಿರೋ ಅವರೆ ಬೀಜ ನಾನು ನೋಡೇ ಇಲ್ಲ. ಇದು ಎಲ್ಲಿಂದ ಬಂತು ಅಜ್ಜಿ?" ಎಂದು ಕೇಳಿದರು.

"ಸಂತೇಲಿ ತಂದಿದ್ದು ಕಣಪ್ಪ," ಎಂದರು ಅತ್ತೆ, ತಲೆ ಎತ್ತದೆ.

ತಜ್ಞರು ನನ್ನ ಕಡೆ ನೋಡಿದರು. ಮೂಲ ಎಂಬ ಕಾಲಮ್ಮಿನಲ್ಲಿ ನಾನು ಬರೆದೆ: ಬಂಗಾರಪೇಟೆ ಸಂತೆ. ಸಂರಕ್ಷಿಸಿದವರು ಎಂಬ ಕಾಲಮ್ಮಿನಲ್ಲಿ ಅಡ್ಡ ಗೆರೆ ಎಳೆದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಎಂದು ಗೆರೆ ಎಳೆದುಕೊಂಡು ಬಂದವಳು ನಾನು. ಅದು ಅರ್ಧ ಕಾರಣ. ಇನ್ನರ್ಧ, ಹೊರಗಿನವರ ಎದುರು ಸೊಸೆಯಾಗಿ ಅತ್ತೆಯ ಮಾತಿಗೆ ಎದುರು ಹೇಳಲು ಬಾಯಿ ಬರಲಿಲ್ಲ. ಹೊರಡುವಾಗ ಅವರು ಮಾದರಿಗೆಂದು ಒಂದು ಹಿಡಿ ಬೀಜ ಕೇಳಿದರು. ಕೇಳಿದರಲ್ಲ, ಅತ್ತೆ ಎರಡು ಹಿಡಿ ಕೊಟ್ಟರು.

ಮೂರು ವರ್ಷ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ, ಪಂಚಾಯಿತಿಗೆ ಕಾಗದ ಬಂತು. ಅದನ್ನು ಒಡೆದು ಓದಿ ನೋಂದಾಯಿಸುವುದು ನನ್ನದೇ ಕೆಲಸ. ಒಂದು ಬೀಜದ ಕಂಪನಿ ಹುಳ ತಡೆಯುವ ಅವರೆ ತಳಿ ಮಾಡಲು ಹೊರಟಿದೆ. ಬಳಸುವ ಬೀಜಗಳಲ್ಲಿ ಒಂದು ನಮ್ಮ ಪಂಚಾಯಿತಿಯ ಪುಸ್ತಕದಲ್ಲಿರುವ ಮಚ್ಚೆಯವರೆ. ದಾಖಲೆಯ ಪ್ರಕಾರ ಅದು ಸಂತೆಯ ಸರಕಾದ್ದರಿಂದ ಊರಿನ ಒಪ್ಪಿಗೆಯೂ ಲಾಭ ಹಂಚಿಕೆಯ ಒಪ್ಪಂದವೂ ಬೇಕಿಲ್ಲ. ಆಕ್ಷೇಪಣೆ ಇದ್ದರೆ ಸಮಿತಿಯ ನಿರ್ಣಯ ಮತ್ತು ಸಂರಕ್ಷಕರ ಹೇಳಿಕೆಯೊಂದಿಗೆ ಮೂವತ್ತು ದಿನದೊಳಗೆ ತಿಳಿಸಬೇಕು. ಆ ಎರಡು ಹಿಡಿ ಬೀಜ ಯಾವ ದಾರಿ ಹಿಡಿದು ಎಲ್ಲಿಗೆ ಹೋಯಿತೋ ನನಗೆ ತಿಳಿಯದು. ಬೇರೆ ಊರಿನಿಂದಲೂ ಹೋಗಿರಬಹುದು. ಯಾರನ್ನೂ ಕಳ್ಳರೆನ್ನುವ ಧೈರ್ಯ ನನಗಿಲ್ಲ. ಯಾರೂ ನಂಬದ ಒಂದು ಮಾತನ್ನು ಕಾಗದ ಮಾತ್ರ ನಂಬಿತ್ತು, ಮತ್ತು ಆ ಕಾಗದದ ಮೇಲಿದ್ದದ್ದು ನನ್ನ ಕೈಬರಹ.

ಸಮಿತಿಯ ಅಧ್ಯಕ್ಷರು ಸಭೆಯ ದಿನ ಗೊತ್ತು ಮಾಡಿದರು, ಬುಧವಾರ. ಅತ್ತೆಯ ಹೇಳಿಕೆ ಬರೆಸಿಕೊಳ್ಳುವುದು ನನ್ನ ಪಾಲಿಗೆ ಬಂತು. ನನಗೆ ಪಾಲಿನ ದುಡ್ಡಿನ ಯೋಚನೆ ಇರಲಿಲ್ಲ, ಬಂದರೆ ಅದು ಸಮಿತಿಗೆ ಬರುತ್ತದೆ. ನನಗೆ ಬೇಕಾಗಿದ್ದದ್ದು ಆ ಅಡ್ಡ ಗೆರೆಯ ಜಾಗದಲ್ಲಿ ಅತ್ತೆಯ ಹೆಸರು. ಮತ್ತು ಯಾರಾದರೂ ಬಂದು ಅವರನ್ನು ಕೇಳಬೇಕಿತ್ತು. ಜಗಲಿಯ ಮೇಲೆ ಕೂತು, ನೀರು ಕುಡಿದು ಕೇಳಿದ್ದರೆ ಅವರು ಕಂಪನಿಗೂ ಕೊಡುತ್ತಿದ್ದರು.

ಸಂಜೆ ಡೈರಿಗೆ ಹಾಲು ಹಾಕಿ ಬಂದು, ಕಾಗದ ಮುಂದಿಟ್ಟುಕೊಂಡು ಕೂತೆ.

"ಅತ್ತೆ, ಈ ಬೀಜ ನಿಮ್ದು ಅಂತ ಬರ್ಕೊಡ್ಬೇಕು. ಕೆಳಗೆ ಎಬ್ಬೆಟ್ಟು ಒತ್ತಿ."

"ನಂದ್ಯಾಕಾಯ್ತದೆ? ನಮ್ಮವ್ವ ಕೊಟ್ಟಿದ್ದು."

"ಸರಿ, ನಿಮ್ಮವ್ವಂದು ಅಂತ ಬರೀತೀನಿ."

"ಅವ್ವಂಗೆ ಯಾರು ಕೊಟ್ರೋ ನಂಗೇನು ಗೊತ್ತು. ಎಲ್ಲಾ ನಂದೇ ಅಂದ್ಬುಟ್ರೆ ಮೇಲಿನ ಬೀದಿಯೋಳು ಏನನ್ಕೋತಾಳೆ? ಆ ವರ್ಷ ಅವ್ಳು ಬೀಜ ತಂದು ಆಕ್ದೆ ಓಗಿದ್ರೆ ನಮ್ತಾವ ಏನಿರ್ತಿತ್ತು?"

ನನಗೆ ಸಿಟ್ಟು ಬಂತು. ದಿನವೆಲ್ಲ ಕಚೇರಿಯಲ್ಲಿ ಬೈಸಿಕೊಂಡು ಬಂದಿದ್ದೆ. "ಆವತ್ತೇ ಸಂತೇಲಿ ತಂದಿದ್ದು ಅನ್ನೋ ಬದ್ಲು ಬಾಯಿ ಬಿಟ್ಟು ನಿಜ ಏಳಿದ್ರೆ ಇದ್ಯಾವ್ದೂ ಇರ್ತಿರ್ಲಿಲ್ಲ," ಎಂದು ಒರಟಾಗಿಯೇ ಹೇಳಿದೆ.

ಅತ್ತೆ ಸಿಟ್ಟಾಗಲಿಲ್ಲ. ಮೊರದಲ್ಲಿದ್ದ ಒಂದು ಸುಕ್ಕು ಬೀಜ ತೆಗೆದು ಆಚೆ ಹಾಕಿದರು.

"ನಿಜ ನಿಂಗೆ ಗೊತ್ತಿತ್ತಲ್ಲಮ್ಮ. ಪೆನ್ನು ನಿನ್ ಕೈಲೇ ಇತ್ತಲ್ಲ."

ಎದ್ದು ಹೋಗಿ ಒಲೆ ಹಚ್ಚಿದೆ. ಊಟಕ್ಕೆ ಬಡಿಸುವಾಗ ಅವರೇ ಮಾತು ತೆಗೆದರು. "ಬುಧವಾರ ನಾನೇ ಬತ್ತೀನಿ ಬಿಡು. ಯಾರ್ಯಾರ ಮನೇಲಿ ಐತೋ ಎಲ್ಲಾ ಏಳ್ತೀನಿ. ಎಲ್ರದೂ ಬರ್ಕೋ. ನನ್ನೊಬ್ಬಳ್ದೇ ಬರೀಬೇಡ."

ಸೋಮವಾರ ಬೆಳಿಗ್ಗೆ ಅವರು ಕೊಟ್ಟಿಗೆಯಲ್ಲಿ ಬಿದ್ದರು. ಹಸುವಿನ ಹಗ್ಗ ಕೈಯಲ್ಲೇ ಇತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ನೋಡಿ, ಕೋಲಾರಕ್ಕೆ ಕಳಿಸಿದರು. ಅವರು ಹಾಸಿಗೆಯ ಮೇಲಿದ್ದದ್ದು ಹತ್ತೊಂಬತ್ತು ದಿನ, ಅಷ್ಟೂ ದಿನ ಮಾತು ಬರಲಿಲ್ಲ. ಅತ್ತೆಯ ಹೇಳಿಕೆಯ ಕಾಗದ ನನ್ನ ಬ್ಯಾಗಿನಲ್ಲಿ ಔಷಧಿ ಚೀಟಿಗಳ ಜೊತೆ ಮಡಚಿಕೊಂಡಿತ್ತು. ಒಂದು ದಿನ ಅದನ್ನು ತೆಗೆದು ಅವರ ಹೆಬ್ಬೆರಳಿನ ಹತ್ತಿರ ಹಿಡಿದೆ. ಬೆರಳು ಬೆಚ್ಚಗಿತ್ತು. ಒತ್ತಿಸಿಕೊಳ್ಳಬಹುದಿತ್ತು. ಎಲ್ರದೂ ಬರ್ಕೋ ಎಂದಿದ್ದರು, ಆ ಕಾಗದದಲ್ಲಿ ಒಬ್ಬರದೇ ಇತ್ತು. ಮಡಚಿ ಮತ್ತೆ ಒಳಗಿಟ್ಟೆ.

ಅವರು ಹೋದರು. ಹನ್ನೊಂದನೆಯ ದಿನ ಕಾರ್ಯಕ್ಕೆ ಕುಂಬಳಕಾಯಿ ಹೆಚ್ಚುತ್ತಿದ್ದಾಗ, ಮೂವತ್ತು ದಿನದ ಗಡುವು ಹಿಂದಿನ ದಿನವೇ ಮುಗಿದಿದೆ ಎಂಬುದು ನೆನಪಿಗೆ ಬಂತು. ನಾನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬುಧವಾರದ ಸಭೆ ನಡೆದಿತ್ತಂತೆ. ಹೇಳಿಕೆ ಇಲ್ಲದ್ದರಿಂದ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದರು.

ಆಮೇಲಿನ ದಿನಗಳ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಹಾಲು ಕರೆದೆ, ಡೈರಿಗೆ ಹಾಕಿದೆ, ಬಸ್ಸು ಹತ್ತಿದೆ. ಕಚೇರಿಯಲ್ಲಿ ಮನೆ ಕಂದಾಯದ ರಸೀದಿ ಮುದ್ರಿಸಿದೆ. ಸಂಜೆ ಬಂದು ಒಲೆ ಹಚ್ಚಿದೆ. ಗಂಡ ರೈಲು ಹಿಡಿದು ಕೆಲಸಕ್ಕೆ ಹೋಗಿ ಬರುತ್ತಿದ್ದರು. ಅವರು ಒಂದೆರಡು ಸಲ ಹಿತ್ತಲಲ್ಲಿ ನಿಂತು ಅತ್ತದ್ದನ್ನು ಕಂಡೆ. ನನಗೆ ಅಳು ಬರಲಿಲ್ಲ. ನೆರೆಯವರು ನನ್ನ ಮುಖ ನೋಡಿ ತಮ್ಮ ತಮ್ಮಲ್ಲೇ ಏನೋ ಅಂದುಕೊಂಡರು, ಅಂದುಕೊಳ್ಳಲಿ ಎಂದು ಬಿಟ್ಟೆ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಮುಟ್ಟಿದರೆ ಅದು ನಮ್ಮದಲ್ಲ ಅನ್ನಿಸುತ್ತದಲ್ಲ, ನನಗೆ ಮೈಯೆಲ್ಲ ಹಾಗಿತ್ತು. ಕಂಪನಿಗೆ ಅನುಮತಿ ಸಿಕ್ಕಿದೆ ಎಂಬ ಪತ್ರದ ಪ್ರತಿಯೂ ಬಂತು. ಒಳಬಂದ ಕಾಗದಗಳ ವಹಿಯಲ್ಲಿ ನಂಬರ್ ಹಾಕಿ ಕಡತಕ್ಕೆ ಸೇರಿಸಿದೆ. ನಂಬರ್ ಹಾಕುವಾಗಲೂ ಏನೂ ಅನ್ನಿಸಲಿಲ್ಲ, ಮತ್ತು ಅದಕ್ಕೆ ಸ್ವಲ್ಪ ಹೆದರಿಕೆಯಾಯಿತು.

ಮಳೆ ಬಂದಾಗ ಮಡಕೆಯ ಬಾಯಿ ಬಿಡಿಸಿ ಅಕ್ಕಡಿ ಸಾಲಿಗೆ ಅವರೆ ಹಾಕಿದೆ. ನಡುವಿನ ಗಿಡಗಳನ್ನು ಬೀಜಕ್ಕೆ ಬಿಟ್ಟೆ. ಅತ್ತೆ ಹೇಳಿಕೊಟ್ಟ ಹಾಗೆ ಬೂದಿ, ಬೇವು, ಸಗಣಿ. ಕೇಳಲು ಬಂದವರು ಈಗ ನನ್ನನ್ನು ಕೇಳುತ್ತಿದ್ದರು. ಕೊಟ್ಟೆ. ಸುಗ್ಗಿಯ ಮೇಲೆ ಅವರು ಬಂದು ಸುದ್ದಿ ಹೇಳಿದರು. ಕೇಳಿದೆ.

ಎರಡು ಸುಗ್ಗಿ ಕಳೆದ ಮೇಲೆ ಪುಸ್ತಕವನ್ನು ಪರಿಷ್ಕರಿಸಬೇಕೆಂದು ಆದೇಶ ಬಂತು. ಹೊಸದಾಗಿ ಮನೆಮನೆಗೆ ಹೋಗಿ, ತಪ್ಪಿದ್ದರೆ ತಿದ್ದಬೇಕು. ನಮ್ಮ ಊರಿಗೆ ಮುಳಬಾಗಿಲಿನ ಕಡೆಯ ಒಬ್ಬ ನಿವೃತ್ತ ಉಪನ್ಯಾಸಕಿಯನ್ನು ಹಾಕಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರಂತೆ. ಆ ದಿನ ನಾನು ರಜೆ ಹಾಕಿ ಮನೆಯಲ್ಲಿ ಉಳಿದೆ. ಒಂದು ಹಾಳೆಯಲ್ಲಿ ಎಲ್ಲ ಬರೆದಿಟ್ಟಿದ್ದೆ: ಅತ್ತೆಯ ಹೆಸರು, ಅವರ ತಾಯಿಯ ಹೆಸರು, ಕ್ಯಾಸಂಬಳ್ಳಿ ಕಡೆಯ ಆ ಹಳ್ಳಿ, ಮೇಲಿನ ಬೀದಿಯವರು, ಬೀಜ ಇಟ್ಟುಕೊಂಡಿರುವ ಮಿಕ್ಕ ಮನೆಗಳು. ಹಾಳೆಯನ್ನು ಅತ್ತೆಯ ಫೋಟೋದ ಹಿಂದೆ ಸಿಕ್ಕಿಸಿದ್ದೆ. ಹೇಳಬೇಕಾದ ಮಾತನ್ನು ಪಾತ್ರೆ ತೊಳೆಯುವಾಗೆಲ್ಲ ಹೇಳಿಕೊಂಡು ಬಾಯಿಪಾಠ ಮಾಡಿದ್ದೆ. ಕಂಪನಿಯ ವಿಷಯ ಮುಗಿದದ್ದು, ಅದು ವಾಪಸು ಬರುವುದಿಲ್ಲ ಎಂದು ಗೊತ್ತಿತ್ತು. ಮುಂದೆ ಬರುವವರಾದರೂ ಕೇಳಿ ಬರಲಿ, ಅತ್ತೆಯ ಹೆಸರು ಪುಸ್ತಕದಲ್ಲಿ ಇರಲಿ ಎಂಬುದಷ್ಟೇ ಉಳಿದಿತ್ತು.

ಮೇಡಂ ಬಂದು ಜಗಲಿಯ ಮೇಲೆ ಕೂತರು. ನೀರು ಕೇಳಿ ಕುಡಿದರು. ನಾನು ಮಡಕೆಯ ಬಾಯಿ ಬಿಡಿಸಿ, ಮೊರಕ್ಕೆ ಬೀಜ ಸುರಿದು, ಬೂದಿ ಊದಿ ಮುಂದಿಟ್ಟೆ. ಅವರು ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದರು. ಒಂದೊಂದೇ ಬೀಜ ಬೆರಳಲ್ಲಿ ಹೊರಳಿಸಿ ನೋಡಿದರು.

"ಎಂಥಾ ಬೀಜ ಕಣಮ್ಮ ಇದು. ಒಂದಕ್ಕೂ ಉಳ ಮುಟ್ಟಿಲ್ಲ. ಎಲ್ಲೀದು?"

"ಸಂತೇಲಿ ತಂದಿದ್ದು," ಎಂದೆ.

ನಾನೇ ಎಂದೆ. ತಲೆ ಎತ್ತದೆ, ಮೊರದಲ್ಲಿ ಕೈಯಾಡಿಸುತ್ತ, ಅತ್ತೆ ಹೇಳಿದ ಅದೇ ಧಾಟಿಯಲ್ಲಿ. ಅಷ್ಟು ದಿನ ಬಾಯಿಪಾಠ ಮಾಡಿದ್ದು ಎಲ್ಲಿ ಹೋಯಿತೋ. ಮಾತು ಬಾಯಿಂದ ಬಿದ್ದ ಮೇಲೆ ನನ್ನ ಕಿವಿಗೆ ಕೇಳಿಸಿತು. ಮೇಡಂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು. ಆ ಕಾಲಮ್ಮು ಎಲ್ಲಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಬರೆಯಬೇಡಿ ಎನ್ನಬೇಕಿತ್ತು, ನಾನು ಮೊರದಲ್ಲಿ ಕೈಯಾಡಿಸುತ್ತಲೇ ಇದ್ದೆ.

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು.

"ನಮ್ಮತ್ತೇನೂ ಇಂಗೇ ಅಂತಿದ್ರು," ಎಂದರು. "ಮನೇಲೇ ಉಟ್ಟಿದ್ ಎಮ್ಮೇನೂ ಸಂತೇದೇ. ನನ್ ಕಣ್ಣು ಏನೂ ಮಾಡಲ್ಲ ಬಿಡಮ್ಮ. ಈಗ ನಿಜ ಏಳು, ಬರ್ಕೋತೀನಿ."

ಎದ್ದು ಒಳಗೆ ಹೋಗಿ, ಫೋಟೋದ ಹಿಂದಿನ ಹಾಳೆ ತಂದು ಕೊಟ್ಟೆ. ಅವರು ಒಂದೊಂದೇ ಹೆಸರು ಓದಿ, ಸರಿಯಾ ಎಂದು ಕೇಳಿ ಬರೆದುಕೊಂಡರು. ಕಾಲಮ್ಮಿನಲ್ಲಿ ಜಾಗ ಸಾಲದೆ ಹೆಸರುಗಳು ಅಂಚಿಗೆ ಹೋದವು. ಹೊರಡುವಾಗ ಒಂದು ಹಿಡಿ ಬೀಜ ಕೇಳಿದರು, ಸುಗ್ಗಿಗೆ ಬಂದು ಹೇಗೆ ಬಂತು ಅಂತ ಹೇಳಿ ಹೋಗುತ್ತೇನೆ ಎಂದರು. ಅವರ ಸೆರಗಿಗೆ ಹಾಕಿದೆ.

ಅವರು ಹೋದ ಮೇಲೆ ಅಳು ಬರುತ್ತದೆ ಎಂದುಕೊಂಡು ಜಗಲಿಯ ಮೇಲೆ ಸುಮ್ಮನೆ ಕೂತೆ. ಬರಲಿಲ್ಲ. ಹಾಲಿನ ಹೊತ್ತಾಗುವವರೆಗೂ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಆ ದಿನ ಇದೇ ಹೊಸ್ತಿಲಲ್ಲಿ ಪುಸ್ತಕ ಹಿಡಿದು ನಿಂತಾಗ ನಾನು ಕಾನೂನು ತಿಳಿದಿರಬೇಕಾಗಿರಲಿಲ್ಲ, ಅತ್ತೆಗೆ ಎದುರು ಮಾತಾಡಬೇಕಾಗಿಯೂ ಇರಲಿಲ್ಲ. ಪೆನ್ನು ಕೆಳಗಿಟ್ಟು ಒಂದು ಸಲ ನಕ್ಕಿದ್ದರೆ ಸಾಕಿತ್ತು.